ಅಲೆಕ್ಸಾಂಡ್ರಿಯ: ಹಳೆಯ ನಕ್ಷೆಯ ದ್ವೀಪ ಎಲ್ಲಿ ಹೋಯಿತು? ನದಿಯೇ ಇಲ್ಲದ ಜಾಗ ನೈಲ್‌ನ ಬಂದರಾದದ್ದು ಹೇಗೆ?

ನಕ್ಷೆಪೆಟ್ಟಿಗೆ ಕೇಳಿದ್ದು:

ಎರಡು ಸಾವಿರ ವರ್ಷ ಹಿಂದಿನ ಗ್ರೀಕ್ ಭೂಗೋಳಕಾರ ಸ್ಟ್ರಾಬೊ ಕೊಡುವ ಅಲೆಕ್ಸಾಂಡ್ರಿಯದ ವರ್ಣನೆಯನ್ನು ಇವತ್ತಿನ ಉಪಗ್ರಹ ಚಿತ್ರದ ಮೇಲೆ ಕೂರಿಸುವ ಕೆಲಸ ನಡೀತಿದೆ. ನಾಲ್ಕು ಕಡೆ ಎರಡೂ ಹೊಂದುತ್ತಿಲ್ಲ.

ಒಂದು, ಫಾರೊಸ್ ದ್ವೀಪ. 7 ಸ್ಟೇಡಿಯ ಉದ್ದದ ಒಡ್ಡು, ಅಂದರೆ ಹೆಪ್ಟಸ್ಟೇಡಿಯನ್, ಆ ದ್ವೀಪವನ್ನು ದಡಕ್ಕೆ ಸೇರಿಸಿತ್ತು ಅನ್ನುತ್ತಾನೆ. ಚಿತ್ರದಲ್ಲಿ ದ್ವೀಪವೂ ಇಲ್ಲ, ಒಡ್ಡೂ ಇಲ್ಲ. ಆ ಜಾಗದಲ್ಲಿ ಮನೆಗಳು ಕಿಕ್ಕಿರಿದ ಅಗಲವಾದ ನೆಲವಿದೆ. ಸ್ಟೇಡಿಯ ಅಂದರೆ ಎಷ್ಟು ಮೀಟರ್ ಹಿಡಿಯಬೇಕು ಅನ್ನುವುದೂ ಗೊಂದಲ.

ಎರಡು, ಆಗಿನ 'ಮಹಾಬಂದರು' ಪೂರ್ವದ ಕೊಲ್ಲಿ. ಈಗ ಅಲ್ಲಿ ಮೀನು ದೋಣಿಗಳು ಮಾತ್ರ. ಕ್ರೇನು, ಕಂಟೇನರು ಎಲ್ಲ ಪಶ್ಚಿಮದಲ್ಲಿ. ಈ ಅದಲುಬದಲು ಯಾವಾಗ, ಯಾಕೆ?

ಮೂರು, ನೈಲ್‌ನ ಹತ್ತಿರದ ಕವಲು ರೊಸೆಟ್ಟಾ. ಅದರ ಅಳಿವೆ ಇಲ್ಲಿಂದ ಸುಮಾರು 60 ಕಿ.ಮೀ. ಪೂರ್ವಕ್ಕಿದೆ. ನದೀಮುಖ ಬಿಟ್ಟು ಇಷ್ಟು ಪಕ್ಕಕ್ಕೆ ಬಂದು ಊರು ಕಟ್ಟಿದ್ದೇಕೆ? ಕಟ್ಟಿದ ಮೇಲೆ ಅದು ಇಡೀ ಈಜಿಪ್ಟಿನ ಬಾಗಿಲಾಗಿ ನಡೆದದ್ದು ಹೇಗೆ?

ನಾಲ್ಕು, ಅಲೆಕ್ಸಾಂಡರನ ನಂತರ ಈಜಿಪ್ಟ್ ಆಳಿದ ಟಾಲೆಮಿ ವಂಶದ ಅರಮನೆಯ ನೆಲ ಕೊಲ್ಲಿಯ ನೀರಿನಡಿ ಇದೆ. ಊರಿನ ಹಿಂದಿರುವ ಮರಿಯೂತ್ ಸರೋವರದ ನೀರು ಸಮುದ್ರಮಟ್ಟಕ್ಕಿಂತ ಕೆಳಗಿದೆ. ನಡುವೆ ಇರುವ ಊರು ಮಾತ್ರ ಒಣಗಿ ನಿಂತಿದೆ. ಇದನ್ನು ಹೇಗೆ ಅರ್ಥ ಮಾಡಿಕೊಳ್ಳುವುದು?

---

ಅಳಿವೆಬಾಗಿಲು ಉತ್ತರ:

ಮೂರನೆಯದರಿಂದಲೇ ಶುರು ಮಾಡೋಣ, ಉಳಿದವು ಅದರ ಹಿಂದೆ ಬರುತ್ತವೆ.

ಈಜಿಪ್ಟಿನ ಉತ್ತರ ಕರಾವಳಿಯಲ್ಲಿ ಗಾಳಿ ಹೆಚ್ಚಾಗಿ ವಾಯವ್ಯದಿಂದ ಬೀಸುತ್ತದೆ. ಅಲೆಗಳು ದಡಕ್ಕೆ ಓರೆಯಾಗಿ ಬಡಿಯುತ್ತವೆ, ದಡದ ಗುಂಟ ನೀರು ಪಶ್ಚಿಮದಿಂದ ಪೂರ್ವಕ್ಕೆ ಹರಿಯುತ್ತದೆ. ನೈಲ್ ತಂದು ಸುರಿದ ಹೂಳೆಲ್ಲ ಅಳಿವೆಯಿಂದ ಪೂರ್ವಕ್ಕೇ ಸಾಗುತ್ತದೆ. ಆ ಕಾಲದಲ್ಲಿ ನೈಲ್‌ನ ಅತಿ ಪಶ್ಚಿಮದ ಕವಲು ಕ್ಯಾನೊಪಸ್ ಕವಲು. ಇಂದಿನ ಅಬೂ ಕೀರ್ ಕೊಲ್ಲಿಯಲ್ಲಿ ಅದು ಸಮುದ್ರ ಸೇರುತ್ತಿತ್ತು. ಅದಕ್ಕೂ ಪಶ್ಚಿಮಕ್ಕೆ ಬಂದರು ಕಟ್ಟಿದರೆ ನದಿಯ ಹೂಳು ಬಂದರಿನ ಬಾಯಿಗೆ ಬರುವುದಿಲ್ಲ, ಆದರೆ ನದಿ ಕಾಲುವೆ ತೋಡುವಷ್ಟು ಹತ್ತಿರದಲ್ಲೇ ಇರುತ್ತದೆ. ಕ್ರಿ.ಪೂ. 331ರಲ್ಲಿ ಅಲೆಕ್ಸಾಂಡರ್ ರಾಕೋಟಿಸ್ ಎಂಬ ಹಳ್ಳಿಯ ಪಕ್ಕ ಗುರುತು ಹಾಕಿಸಿದ ಜಾಗ ಸರಿಯಾಗಿ ಇಂಥದ್ದು. ಅಳಿವೆಯ ಬಾಯಲ್ಲೇ ಕೂತ ರೊಸೆಟ್ಟಾ, ಡಾಮಿಯೆಟ್ಟಾಗಳಲ್ಲಿ ಆದದ್ದನ್ನು ನೋಡಿದರೆ ಈ ಆಯ್ಕೆಯ ಬೆಲೆ ಗೊತ್ತಾಗುತ್ತದೆ. ರೊಸೆಟ್ಟಾ ಬಾಯಿಯ ಮರಳುದಿಬ್ಬ ದಾಟುವಾಗ ಒಡೆದ ಹಡಗುಗಳಿಗೆ ಲೆಕ್ಕವಿಲ್ಲ. ದೊಡ್ಡ ಹಡಗುಗಳಿಗೆ ಒಳಗೆ ಬರಲು ಆಗುತ್ತಲೇ ಇರಲಿಲ್ಲ.

ಇನ್ನೂ ಎರಡು ಅನುಕೂಲ ಇದ್ದವು. ಸಮುದ್ರಕ್ಕೂ ಸರೋವರಕ್ಕೂ ನಡುವೆ ಸುಣ್ಣಮಿಶ್ರಿತ ಮರಳುಗಲ್ಲಿನ ಉದ್ದನೆಯ ಏರು ಇದೆ. ಕಟ್ಟಡಕ್ಕೆ ಗಟ್ಟಿ ಪಾಯವೂ ಸಿಕ್ಕಿತು, ಕಲ್ಲೂ ಸಿಕ್ಕಿತು. ಮುಖಜಭೂಮಿಯ ಬೇರೆ ಕಡೆ ಎಷ್ಟು ಅಗೆದರೂ ಕೆಸರೇ. ದಡದಿಂದ ಒಂದು ಕಿ.ಮೀ. ಚಿಲ್ಲರೆ ದೂರದಲ್ಲಿ ಫಾರೊಸ್ ದ್ವೀಪ ಅಡ್ಡಲಾಗಿ ಮಲಗಿ ಉತ್ತರದ ಅಲೆಗೆ ಮರೆಯಾಗಿತ್ತು.

ಈಗ ನಿಮ್ಮ ಮೊದಲ ಪ್ರಶ್ನೆ. ಗ್ರೀಕ್ ಸ್ಟೇಡಿಯಕ್ಕೆ ಒಂದೇ ಅಳತೆ ಇರಲಿಲ್ಲ. 165ರಿಂದ 185 ಮೀಟರ್ ಒಳಗೆ ಹಿಡಿಯಿರಿ, 7 ಸ್ಟೇಡಿಯಕ್ಕೆ ಸುಮಾರು 1.2ರಿಂದ 1.3 ಕಿ.ಮೀ. ಬರುತ್ತದೆ. ದ್ವೀಪ ಎಲ್ಲೂ ಹೋಗಿಲ್ಲ. ಕೈತ್‌ಬೇ ಕೋಟೆ ಅದರ ಪೂರ್ವದ ತುದಿ, ರಾಸ್ ಎಲ್-ತೀನ್ ಅರಮನೆಯ ಮೂಲೆ ಪಶ್ಚಿಮದ ತುದಿ, ನಡುವೆ ಅನ್‌ಫೂಶಿ ಬಡಾವಣೆ. ಒಡ್ಡು ಮಾತ್ರ ಹೂಳಿನೊಳಗೆ ಹೂತಿದೆ.

ಹೂತದ್ದು ಹೀಗೆ. ಅಲೆಗಳು ದ್ವೀಪದ ಎರಡೂ ತುದಿಯನ್ನು ಬಳಸಿ ಬಂದು ಅದರ ಬೆನ್ನಿಗೆ ಒಂದನ್ನೊಂದು ಕೂಡುತ್ತವೆ. ಅಲ್ಲಿ ನೀರಿನ ವೇಗ ಕುಗ್ಗಿ, ಹೊತ್ತು ತಂದ ಮರಳು ಕೆಳಗೆ ಬೀಳುತ್ತದೆ. ಒಡ್ಡು ಕಟ್ಟಿದವರು ಇದು ಬಲ್ಲವರೇ ಇರಬೇಕು, ಎರಡು ಕಡೆ ಬಾಯಿ ಬಿಟ್ಟು ಮೇಲೆ ಸೇತುವೆ ಹಾಕಿದ್ದರು. ಆ ಕಿಂಡಿಗಳಲ್ಲಿ ಒಂದು ಬಂದರಿನ ನೀರು, ದೋಣಿ ಇನ್ನೊಂದಕ್ಕೆ ಹೋಗುತ್ತಿತ್ತು. ರಿಪೇರಿ ನಿಂತು ಕಿಂಡಿ ಮುಚ್ಚಿದ ಮೇಲೆ ನೀರಿನ ಓಡಾಟ ನಿಂತಿತು, ಎರಡೂ ಬದಿಯಲ್ಲಿ ಮರಳು ಕಟ್ಟುತ್ತ ಹೋಯಿತು. ಆಟೊಮನ್ನರ ಕಾಲಕ್ಕೆ ಜನ ಪಾಳು ಬಿದ್ದ ಹಳೆಯ ಊರು ಬಿಟ್ಟು ಈ ಹೊಸ ನೆಲಕ್ಕೆ ಬಂದು ನೆಲೆಸಿದರು. ಹಾಗಾಗಿ ಹಳೆಯ ನಗರದ ಬೀದಿಗಳು ಚೌಕಳಿ ಹಾಕಿದಂತೆ ನೇರ ಇದ್ದರೆ, ಈ ಕುತ್ತಿಗೆಯ ಮೇಲಿನ ಓಣಿಗಳು ಅಂಕುಡೊಂಕು. ಉಪಗ್ರಹ ಚಿತ್ರದಲ್ಲೇ ಗೆರೆ ಎಳೆದ ಹಾಗೆ ಕಾಣುತ್ತದೆ.

---

ಕಲ್ಲುಚಪ್ಪಡಿ ಉತ್ತರ:

ಅಳಿವೆಬಾಗಿಲು ಅವರ ಮಾತಿಗೆ ಒಂದು ತಿದ್ದುಪಡಿ. ಮರಳೆಲ್ಲ ಒಡ್ಡು ಕಟ್ಟಿದ ಮೇಲೆಯೇ ಬಂದು ಕೂತದ್ದಲ್ಲ. ನೆಲ ಕೊರೆದು ಪದರ ನೋಡಿದವರಿಗೆ ಸಿಕ್ಕಿದ್ದು ಬೇರೆ ಚಿತ್ರ: ಮನುಷ್ಯ ಕಲ್ಲು ಹಾಕುವ ಮೊದಲೇ ದ್ವೀಪಕ್ಕೂ ದಡಕ್ಕೂ ನಡುವೆ ನೀರಿನಡಿಯಲ್ಲಿ ಆಳವಿಲ್ಲದ ಮರಳುದಿಣ್ಣೆ ಬೆಳೆದಿತ್ತು. ಕ್ರಿ.ಪೂ. 3ನೇ ಶತಮಾನದಲ್ಲಿ 1.2 ಕಿ.ಮೀ. ಒಡ್ಡು ಹಾಕಲು ಸಾಧ್ಯವಾದದ್ದೇ ಆ ದಿಣ್ಣೆ ಇದ್ದದ್ದರಿಂದ. ಲೆಬನಾನಿನ ಟೈರ್‌ನಲ್ಲೂ ಕಥೆ ಇದೇ. ಕ್ರಿ.ಪೂ. 332ರಲ್ಲಿ ಅಲೆಕ್ಸಾಂಡರ್ ಮುತ್ತಿಗೆಗೆಂದು ಅಲ್ಲಿ ಒಡ್ಡು ಕಟ್ಟಿಸಿದ್ದೂ ನೀರಿನಡಿಯ ದಿಣ್ಣೆಯ ಮೇಲೆ, ಈಗ ಆ ದ್ವೀಪವೂ ದಡಕ್ಕಂಟಿದೆ. ಅಲೆಕ್ಸಾಂಡ್ರಿಯಕ್ಕೆ ಗೆರೆ ಹಾಕಿಸಿದ್ದು ಟೈರ್ ಮುಗಿದ ಮುಂದಿನ ವರ್ಷವೇ. ಪಾಠ ಕಣ್ಣಮುಂದೆ ಇತ್ತು.

ಎರಡನೆಯ ಪ್ರಶ್ನೆಗೆ ಬರೋಣ.

ಪೂರ್ವದ ಕೊಲ್ಲಿ ನೋಡಲು ದುಂಡಗೆ ಚಂದ, ಒಳಗೆ ಬರುವುದು ಕಷ್ಟ. ಬಾಯಿ ಉತ್ತರಕ್ಕಿದೆ, ಬಾಯಲ್ಲೇ ಬಂಡೆಗಳಿವೆ. ಕೆಲವು ನೀರಿನ ಮೇಲೆ, ಕೆಲವು ನೀರಿನಡಿ ಅಂತ ಸ್ಟ್ರಾಬೊನೂ ಎಚ್ಚರಿಸುತ್ತಾನೆ. ಫಾರೊಸ್‌ನ ಪೂರ್ವದ ತುದಿಯಲ್ಲಿ ಆ ಪ್ರಸಿದ್ಧ ದೀಪಸ್ತಂಭ ಬೇಕಾದದ್ದು ಅದಕ್ಕೇ. ಇಡೀ ಕರಾವಳಿ ಚಪ್ಪಟೆ, ದೂರದಿಂದ ಗುರುತು ಹಿಡಿಯಲು ಒಂದು ಗುಡ್ಡವೂ ಇಲ್ಲ. ಟಾಲೆಮಿ ಅರಸರಿಗೆ ಈ ಕೊಲ್ಲಿ ಇಷ್ಟವಾದದ್ದು ಅರಮನೆ, ಯುದ್ಧನೌಕೆ ಎರಡೂ ಒಂದೇ ಕಡೆ ಇಟ್ಟುಕೊಳ್ಳಲು.

ಪಶ್ಚಿಮದ್ದು ಯುನೊಸ್ಟೊಸ್, ಕ್ಷೇಮವಾಗಿ ಮರಳುವ ಬಂದರು ಅಂತ ಅರ್ಥ. ಇದು ಹೆಚ್ಚು ವಿಶಾಲ, ಹೆಚ್ಚು ಆಳ. ಹೊರಗೆ ದಡಕ್ಕೆ ಸಮಾನಾಂತರವಾಗಿ ಬಂಡೆಸಾಲು ಇದೆ, ಅಲೆಯ ಪೆಟ್ಟು ಅದೇ ತಿನ್ನುತ್ತದೆ. ತೊಂದರೆ ಅಂದರೆ ಬಂಡೆಗಳ ನಡುವಿನ ದಾರಿ ಕಿರಿದು. ಅದನ್ನು ಬೋಗಾಜ್ ಅನ್ನುತ್ತಾರೆ. ಊರಿನ ಮಾರ್ಗದರ್ಶಿ ನಾವಿಕನಿಲ್ಲದೆ ನುಗ್ಗಿದ ಹಡಗು ತಳ ಹರಿದುಕೊಳ್ಳುತ್ತಿತ್ತು.

ಆಟೊಮನ್ ಕಾಲದಲ್ಲಿ ಒಳ್ಳೆಯ ಪಶ್ಚಿಮ ಬಂದರು ಮುಸ್ಲಿಮರ ಹಡಗುಗಳಿಗೆ ಮೀಸಲು. ಯೂರೋಪಿನವು ಪೂರ್ವದ ಕೊಲ್ಲಿಯಲ್ಲೇ ಲಂಗರು ಹಾಕಬೇಕಿತ್ತು. ಉತ್ತರದ ಬಿರುಗಾಳಿ ಬಂದರೆ ಲಂಗರು ಕಿತ್ತು ಹಡಗುಗಳು ಒಂದಕ್ಕೊಂದು ಡಿಕ್ಕಿಯಾಗುತ್ತಿದ್ದವು. 19ನೇ ಶತಮಾನದ ಆರಂಭದಲ್ಲಿ, ಮುಹಮ್ಮದ್ ಅಲಿಯ ಆಳ್ವಿಕೆ ಬರುವ ಹೊತ್ತಿಗೆ, ಈ ಕಟ್ಟಳೆ ಹೋಯಿತು. ಆಮೇಲೆ ಹಡಗು ಕಟ್ಟುವ ಕಾರ್ಖಾನೆ, ಕಾಲುವೆಯ ಕೊನೆ, ರೈಲು ಎಲ್ಲವೂ ಪಶ್ಚಿಮಕ್ಕೇ ಬಂದವು. ಕಾಲುವೆ ಬಂದು ಸೇರುವ ಕಡೆ ಮಿನಾ ಎಲ್-ಬಸಲ್ ಅಂತ ಒಂದು ಪೇಟೆ ಇದೆ. ಹೆಸರಿಗೆ ಈರುಳ್ಳಿ ಬಂದರು, ಬೆಳೆದದ್ದು ಹತ್ತಿಯ ಗೋದಾಮುಗಳಿಂದ. 1870ರ ದಶಕದಲ್ಲಿ ಈಜಿಪ್ಟಿನ ಖೆದಿವ್ (ದೊರೆ) ಇಸ್ಮಾಯಿಲ್ ಕಾಲದಲ್ಲಿ ಹೊರಗಿನ ಉದ್ದನೆಯ ಅಲೆತಡೆಗೋಡೆ ಎದ್ದಿತು. ಆ ಮೇಲೆ ಪೂರ್ವದ ಕೊಲ್ಲಿಗೆ ದೊಡ್ಡ ಹಡಗು ತರುವ ಕಾರಣವೇ ಉಳಿಯಲಿಲ್ಲ. 1980ರ ದಶಕದಲ್ಲಿ ಶುರುವಾದ ದೆಖೀಲಾ ಬಂದರು ಇನ್ನೂ ಪಶ್ಚಿಮಕ್ಕಿದೆ, ಅದಿರು, ಕಲ್ಲಿದ್ದಲು ಅಲ್ಲಿಗೆ ಬರುತ್ತವೆ.

ಗಾಳಿಯ ವಿಷಯ ಬಂದದ್ದರಿಂದ ಒಂದು ಮಾತು. ಅಲ್ಲಿನ ಮೀನುಗಾರರಿಗೆ ನಮ್ಮ ಮಳೆನಕ್ಷತ್ರಗಳ ಹಾಗೆ ಚಳಿಗಾಲದ ಬಿರುಗಾಳಿಗಳ ಪಟ್ಟಿಯೇ ಇದೆ. ಒಂದೊಂದನ್ನು ನವ್ವಾ ಅನ್ನುತ್ತಾರೆ. ನವೆಂಬರ್ ಮಧ್ಯದ್ದು ಮಕ್ನಸಾ, ಅಂದರೆ ಪೊರಕೆ. ಡಿಸೆಂಬರ್ ಮೊದಲ ವಾರದ್ದು ಕಾಸಿಮ್. ಜನವರಿ 19ರ ಸುಮಾರಿಗೆ ಗಿತಾಸ್, ತಿಂಗಳ ಕೊನೆಗೆ ಕರಮ್. ಮಾರ್ಚ್ 24ರ ಆಸುಪಾಸು ಬರುವ ಅವ್ವಾ ಕೊನೆಯದು. 'ಅವ್ವಾ ಆದ ಮೇಲೆ ನವ್ವಾ ಇಲ್ಲ' ಅಂತ ಗಾದೆ. ಹಾಯಿಹಡಗಿನ ಕಾಲದ ರೋಮನ್ನರು ನವೆಂಬರಿನಿಂದ ಮಾರ್ಚ್‌ವರೆಗೆ ಸಮುದ್ರವನ್ನೇ ಮುಚ್ಚಿದ ಹಾಗೆ ಕೂರುತ್ತಿದ್ದರಲ್ಲ, ಈ ಪಟ್ಟಿ ಸರಿಯಾಗಿ ಅದೇ ಅವಧಿಯದ್ದು.

---

ಸಿಹಿನೀರಬಾವಿ ಉತ್ತರ:

ಇಬ್ಬರೂ ಸಮುದ್ರದ ಕಡೆಯಿಂದ ಹೇಳಿದಿರಿ, ಒಪ್ಪುತ್ತೇನೆ. ಆದರೆ ಈ ಊರು ಏಳುಬೀಳು ಕಂಡದ್ದೆಲ್ಲ ಹಿತ್ತಲ ಕಡೆಯಿಂದ. ಕಾಲುವೆಯಲ್ಲಿ ನೈಲ್ ನೀರು ಹರಿದಾಗ ಊರು ಬೆಳೆದಿದೆ, ಹೂಳು ತುಂಬಿದಾಗ ಖಾಲಿಯಾಗಿದೆ. ಸಮುದ್ರಬಂದರಿಗಿಂತ ಸರೋವರದ ಬಂದರಿಗೇ ಹೆಚ್ಚು ಸರಕು ಬರುತ್ತಿತ್ತು, ಅದೇ ಹೆಚ್ಚು ಸಿರಿವಂತ ಅಂತ ಸ್ಟ್ರಾಬೊ ಸ್ಪಷ್ಟವಾಗಿ ಬರೆದಿದ್ದಾನೆ. ನಿಮ್ಮ ನಕ್ಷೆಯಲ್ಲಿ ದಕ್ಷಿಣದ ದಡಕ್ಕೂ ಉತ್ತರದಷ್ಟೇ ಜಾಗ ಕೊಡಿ.

ಕ್ಯಾನೊಪಸ್ ಕವಲಿನಿಂದ ಸ್ಕೀಡಿಯಾ ಎಂಬಲ್ಲಿ ಕಾಲುವೆ ಒಡೆಯುತ್ತಿತ್ತು. ಮೇಲೆ ಹೋಗುವ, ಕೆಳಗೆ ಬರುವ ಸರಕಿಗೆಲ್ಲ ಸುಂಕದ ಕಟ್ಟೆ ಅಲ್ಲೇ. ಅಲ್ಲಿಂದ ಬಂದ ನೀರು ಊರಿನಡಿಯ ಕೊಳವೆಗಳಲ್ಲಿ ಹಾದು ನೆಲಮಾಳಿಗೆಯ ತೊಟ್ಟಿಗಳಿಗೆ ಇಳಿಯುತ್ತಿತ್ತು. ಮಳೆಯನ್ನು ನಂಬುವ ಹಾಗಿಲ್ಲ, ವರ್ಷಕ್ಕೆ ಸುಮಾರು 200 ಮಿ.ಮೀ., ಅದೂ ಚಳಿಗಾಲದಲ್ಲಿ ಮಾತ್ರ. ಬೇಸಿಗೆಯ ಕೊನೆಗೆ ನೈಲ್ ಪ್ರವಾಹ ಬಂದಾಗ ತೊಟ್ಟಿ ತುಂಬಿಸಿ, ಮುಂದಿನ ಪ್ರವಾಹದವರೆಗೆ ಅದರಲ್ಲೇ ನಡೆಸಬೇಕು. ಕೆಂಪು ಕೆಸರು ತಳಕ್ಕಿಳಿಯಲು ಬಿಟ್ಟು ಮೇಲಿನ ತಿಳಿನೀರು ಸೇದುವುದು ಪದ್ಧತಿ. ಅನುಕೂಲಸ್ಥರ ಮನೆಯಲ್ಲಿ ಸ್ವಂತ ತೊಟ್ಟಿ, ಬಡವರು ಕೆಸರುನೀರನ್ನೇ ಕುಡಿದು ಕಾಯಿಲೆ ಬೀಳುತ್ತಿದ್ದರು. ಕಂಬದ ಮೇಲೆ ಕಂಬ ನಿಲ್ಲಿಸಿ ಮೂರು ಅಂತಸ್ತಿನಲ್ಲಿ ಕಟ್ಟಿದ ಎಲ್-ನಬೀಹ್ ತೊಟ್ಟಿ ಶಲ್ಲಾಲಾತ್ ಉದ್ಯಾನದಲ್ಲಿ ಇನ್ನೂ ಇದೆ. ಕಂಬಗಳು ಹಳೆಯ ಕಟ್ಟಡಗಳಿಂದ ಕಿತ್ತು ತಂದವು.

ಇಂಥ ಏರ್ಪಾಡಿನ ಕೊರಳು ಹಿಸುಕುವುದು ಎಷ್ಟು ಸುಲಭ ಅಂತ ತೋರಿಸಿದ್ದು ಕ್ರಿ.ಪೂ. 48–47ರ ಯುದ್ಧ. ಸೀಸರ್ ಅರಮನೆಯ ಭಾಗದಲ್ಲಿ ಸಿಕ್ಕಿಬಿದ್ದಿದ್ದ. ಎದುರಾಳಿ ದಂಡನಾಯಕ ಗ್ಯಾನಿಮಿಡೀಸ್ ತನ್ನ ಭಾಗದ ಕೊಳವೆಗಳಿಗೆ ಅಡ್ಡ ಕಟ್ಟಿಸಿದ. ರಾಟೆಯಂತ್ರಗಳಿಂದ ಸಮುದ್ರದ ನೀರು ಎತ್ತಿಸಿ ಸೀಸರನ ಕಡೆಗೆ ಇಳಿಯುವ ಕೊಳವೆಗೆ ಬಿಟ್ಟ. ಮೊದಲು ಹತ್ತಿರದ ಮನೆಗಳ ನೀರು ತುಸು ಉಪ್ಪಾಯಿತು, ಮರುದಿನಗಳಲ್ಲಿ ಬಾಯಿಗೆ ಹಾಕುವಂತಿರಲಿಲ್ಲ. ಸೈನಿಕರು ಓಡಿಹೋಗುವ ಮಾತಾಡಿದರು. ಸೀಸರ್ ಎಲ್ಲ ಕೆಲಸ ನಿಲ್ಲಿಸಿ ದಡದಲ್ಲೇ ಬಾವಿ ತೋಡಿಸಿದ, ಒಂದೇ ರಾತ್ರಿಯಲ್ಲಿ ಬೇಕಾದಷ್ಟು ಸಿಹಿನೀರು ಸಿಕ್ಕಿತು.

ಅದೃಷ್ಟ ಅನ್ನಬೇಡಿ. ಮರಳು, ಮರಳುಗಲ್ಲಿನ ದಡದಲ್ಲಿ ಇಂಗಿದ ಸಿಹಿನೀರು ಉಪ್ಪುನೀರಿಗಿಂತ ಹಗುರ, ಅದರ ಮೇಲೆ ತೇಲುತ್ತ ನಿಲ್ಲುತ್ತದೆ. ಸಮುದ್ರಮಟ್ಟಕ್ಕಿಂತ 1 ಮೀಟರ್ ಮೇಲೆ ಸಿಹಿನೀರು ನಿಂತಿದ್ದರೆ ಅದರಡಿ ಸುಮಾರು 40 ಮೀಟರ್ ಆಳಕ್ಕೆ ಸಿಹಿನೀರೇ ಇರುತ್ತದೆ ಅನ್ನುವುದು ಲೆಕ್ಕ. ಬಾವಿ ಆಳ ಮಾಡಬಾರದು, ಒಂದೇ ಬಾವಿಯಿಂದ ಭರದಲ್ಲಿ ಎತ್ತಬಾರದು. ಎತ್ತಿದರೆ ಕೆಳಗಿನ ಉಪ್ಪುನೀರು ಶಂಕುವಿನ ಹಾಗೆ ಮೇಲೇಳುತ್ತದೆ, ಒಮ್ಮೆ ಉಪ್ಪಾದ ಬಾವಿ ಸಿಹಿಯಾಗಲು ವರ್ಷಗಳು ಬೇಕು. ಕೆಲವು ವಾರದ ಯುದ್ಧಕ್ಕೆ ಆ ನೀರು ಸಾಕು, ಲಕ್ಷ ಜನರ ಊರಿಗೆ ಸಾಲದು. ಊರಿಗೆ ಕಾಲುವೆಯೇ ಬೇಕು.

ಆಮೇಲಿನದ್ದು ಹೂಳಿನ ಕಥೆ. ಕ್ಯಾನೊಪಸ್ ಕವಲು ನಿಧಾನಕ್ಕೆ ಕಟ್ಟಿಕೊಳ್ಳುತ್ತ ಬಂತು. 642ರಲ್ಲಿ ಅರಬರ ಕೈಗೆ ಬಂದ ಮೇಲೆ ರಾಜಧಾನಿ ಫುಸ್ತಾತ್‌ಗೆ (ಇಂದಿನ ಕೈರೋದ ಭಾಗ) ಹೋಯಿತು, ಕಾಲುವೆಯ ಹೂಳೆತ್ತುವ ಕೆಲಸ ಆಳುವವರ ಮರ್ಜಿಗೆ ಬಿತ್ತು. 1310–11ರಲ್ಲಿ ಸುಲ್ತಾನ್ ಅಲ್-ನಾಸಿರ್ ಮುಹಮ್ಮದ್ ದೊಡ್ಡ ಪ್ರಮಾಣದಲ್ಲಿ ಮತ್ತೆ ತೋಡಿಸಿದ, ವೆನಿಸ್‌ನವರು ಮೆಣಸು ಕೊಳ್ಳಲು ಸಾಲುಗಟ್ಟಿದ್ದ ಕಾಲ ಅದು. 1365ರ ಅಕ್ಟೋಬರಿನಲ್ಲಿ ಸೈಪ್ರಸ್‌ನ ರಾಜ ಪೀಟರ್ ಊರನ್ನು ಕೊಳ್ಳೆ ಹೊಡೆದ. ಆಮೇಲೆ ಕಾಲುವೆ ಮತ್ತೆ ಮತ್ತೆ ಹೂತಿತು, ನದಿಯ ವ್ಯಾಪಾರ ರೊಸೆಟ್ಟಾಕ್ಕೆ ಸರಿಯಿತು. 1798ರ ಜುಲೈನಲ್ಲಿ ನೆಪೋಲಿಯನ್ ಇಳಿದಾಗ ಇಲ್ಲಿ ಉಳಿದಿದ್ದದ್ದು ಕೆಲವೇ ಸಾವಿರ ಜನ.

ಅತಿ ಕೆಟ್ಟ ಪೆಟ್ಟು ಬಿದ್ದದ್ದು 1801ರ ಏಪ್ರಿಲ್‌ನಲ್ಲಿ. ಆ ಹೊತ್ತಿಗೆ ಮರಿಯೂತ್ ಬಹುತೇಕ ಒಣಗಿದ ತಗ್ಗು. ಅದಕ್ಕೂ ಸಮುದ್ರದ ನೀರು ತುಂಬಿದ್ದ ಅಬೂ ಕೀರ್ ಸರೋವರಕ್ಕೂ ನಡುವೆ ಇದ್ದ ಗೋಡೆ ಅಂದರೆ ಕಾಲುವೆಯ ಏರಿ. ಊರೊಳಗಿನ ಫ್ರೆಂಚರನ್ನು ಕಟ್ಟಿಹಾಕಲು ಬ್ರಿಟಿಷರು ಆ ಏರಿಯನ್ನೇ ಕಡಿದರು. ಸಮುದ್ರ ನುಗ್ಗಿ ತಗ್ಗು ತುಂಬಿತು, ಹಳ್ಳಿಗಳು ಮುಳುಗಿದವು, ಊರಿಗೆ ಬರುತ್ತಿದ್ದ ಸಿಹಿನೀರೂ ಅದೇ ಏಟಿಗೆ ನಿಂತಿತು. ಇವತ್ತಿನ ಮರಿಯೂತ್‌ನ ಉಪ್ಪಿಗೆ ಈ ಕಡಿತವೂ ಒಂದು ಮುಖ್ಯ ಕಾರಣ.

ಊರು ಮತ್ತೆ ಎದ್ದದ್ದು 1817–1820ರಲ್ಲಿ, ಮುಹಮ್ಮದ್ ಅಲಿ ಮಹಮೂದಿಯಾ ಕಾಲುವೆ ತೋಡಿಸಿದ ಮೇಲೆ. ರೊಸೆಟ್ಟಾ ಕವಲಿನ ಅತ್ಫ್ ಎಂಬಲ್ಲಿಂದ ಸುಮಾರು 75 ಕಿ.ಮೀ. ಹಳ್ಳಿಗರನ್ನು ಬಿಟ್ಟಿಗೆ ಹಿಡಿದು ತಂದು ಅಗೆಸಿದ್ದು. ಸಲಿಕೆ ಇಲ್ಲದೆ ಕೈಯಲ್ಲೇ ಕೆಸರು ಬಾಚಿದರು, ಸಾವಿರಾರು ಜನ ಅಲ್ಲೇ ಸತ್ತರು. ಕಾಲುವೆಯ ಉಪಕಾರ ಬರೆಯುವಾಗ ಈ ಸಾಲು ಬಿಡಬಾರದು. ಹತ್ತಿ ಅದರಲ್ಲೇ ಬಂತು, ಕುಡಿಯುವ ನೀರೂ ಅದರಲ್ಲೇ ಬಂತು. 2020ರಲ್ಲಿ ಊರೊಳಗಿನ ಭಾಗದ ಬಹುಪಾಲನ್ನು ಮುಚ್ಚಿ ಮೇಲೆ ಅಗಲದ ರಸ್ತೆ ಮಾಡಿದ್ದಾರೆ. ಹಾಗಾಗಿ ಹೊಸ ಉಪಗ್ರಹ ಚಿತ್ರದಲ್ಲಿ ಕಾಲುವೆ ಹುಡುಕಬೇಡಿ. 2018ಕ್ಕಿಂತ ಹಿಂದಿನ ಚಿತ್ರ ತೆಗೆದುಕೊಳ್ಳಿ.

---

ನಕ್ಷೆಪೆಟ್ಟಿಗೆ:

ಏರಿ ಕಡಿದದ್ದೇ ಕಾಲುವೆಯ ಸಾವು ಅನ್ನುವುದು ಈಗ ಹೊಂದಿತು. ಎರಡನ್ನೂ ಬೇರೆ ಬೇರೆ ಘಟನೆ ಅಂದುಕೊಂಡಿದ್ದೆ. ನಾಲ್ಕನೆಯದು ಬಾಕಿ: ಅರಮನೆ ಮುಳುಗಿದ್ದೂ, ಸರೋವರದ ಮಟ್ಟ ಕೆಳಗಿರುವುದೂ ಒಂದೇ ಕಾರಣಕ್ಕಾ? ದೀಪಸ್ತಂಭವೂ ಅರಮನೆಯ ಹಾಗೆ ಮುಳುಗಿದ್ದು ಅಂತ ಗುರುತು ಹಾಕಬಹುದಾ?

---

ಕಲ್ಲುಚಪ್ಪಡಿ:

ಮೂರಕ್ಕೂ ಮೂರು ಕಾರಣ, ಒಂದೇ ಬಣ್ಣ ಬಳಿಯಬೇಡಿ.

ಅರಮನೆ ಕುಸಿದು ಮುಳುಗಿದ್ದು. ಪೂರ್ವ ಕೊಲ್ಲಿಯಲ್ಲಿ 1990ರ ದಶಕದಲ್ಲಿ ನೀರಿನಡಿಯ ಪುರಾತತ್ವ ಶೋಧಕ ಫ್ರಾಂಕ್ ಗೋಡಿಯೋ ಅವರ ತಂಡ ಅಳೆದಾಗ, ಬಂದರಿನೊಳಗೆ ಅರಮನೆಯಿದ್ದ ಆಂಟಿರೋಡೋಸ್ ದ್ವೀಪದ ಕಲ್ಲುಹಾಸು, ಧಕ್ಕೆಗಳು ಐದಾರು ಮೀಟರ್ ಹಾಗೂ ಅದಕ್ಕಿಂತ ಕೆಳಗೆ ಸಿಕ್ಕವು. ಎರಡು ಸಾವಿರ ವರ್ಷದಲ್ಲಿ ಸಮುದ್ರ ಏರಿದ್ದು ಒಂದು, ಒಂದೂವರೆ ಮೀಟರ್. ಉಳಿದದ್ದೆಲ್ಲ ನೆಲ ಇಳಿದದ್ದು. ಬಂದರಿನ ಅಂಚಿನ ಮೆತ್ತನೆ ಹೂಳಿನ ಮೇಲೆ ಭಾರದ ಕಲ್ಲು ಹೇರಿದರೆ ಹೂಳು ಅದುಮಿಕೊಳ್ಳುತ್ತದೆ, ಭೂಕಂಪ ಬಂದಾಗ ಒಮ್ಮೆಲೇ ಜಾರುತ್ತದೆ. ಕ್ರಿ.ಶ. 365ರ ಜುಲೈ 21ರಂದು ಕ್ರೀಟ್ ಬಳಿ ನಡುಗಿದಾಗ ಸಮುದ್ರ ಹಿಂದೆ ಸರಿದು ಮತ್ತೆ ನುಗ್ಗಿ ಹಡಗುಗಳನ್ನು ಅಲೆಕ್ಸಾಂಡ್ರಿಯದ ಮನೆಗಳ ಮೇಲೆ ಕೂರಿಸಿತು ಅಂತ ರೋಮನ್ ಇತಿಹಾಸಕಾರ ಅಮ್ಮಿಯಾನಸ್ ಬರೆದಿದ್ದಾನೆ. ಅಬೂ ಕೀರ್ ಕೊಲ್ಲಿಯ ಥೋನಿಸ್-ಹೆರಾಕ್ಲಿಯನ್ ಇನ್ನೂ ಸ್ಪಷ್ಟ ಉದಾಹರಣೆ. ನೀರು ತುಂಬಿದ ಜೇಡಿಯ ಮೇಲಿದ್ದ ಊರು ಅದು, ನಡುಕಕ್ಕೆ ಜೇಡಿ ಗಂಜಿಯಾಗಿ ದೇವಾಲಯ ಸಮೇತ ಕೆಳಗಿಳಿಯಿತು. ಈಗ ದಡದಿಂದ 6.5 ಕಿ.ಮೀ. ಆಚೆ, ಸುಮಾರು 10 ಮೀಟರ್ ಆಳದಲ್ಲಿದೆ.

ದೀಪಸ್ತಂಭ ಮುಳುಗಿಲ್ಲ, ಉರುಳಿದೆ. 956, 1303, 1323ರ ಭೂಕಂಪಗಳು ಅದನ್ನು ಹಂತ ಹಂತವಾಗಿ ಕೆಡವಿದವು. 1326ರಲ್ಲಿ ಪ್ರವಾಸಿ ಇಬ್ನ್ ಬತೂತಾ ಬಂದಾಗ ಒಂದು ಮುಖ ಕುಸಿದಿತ್ತು, 1349ರಲ್ಲಿ ಬಾಗಿಲವರೆಗೆ ಹತ್ತಲೂ ಆಗಲಿಲ್ಲ. ಅದು ನಿಂತಿದ್ದ ಬಂಡೆ ಈಗಲೂ ನೀರಿನ ಮೇಲೇ ಇದೆ, 1477ರಲ್ಲಿ ಸುಲ್ತಾನ್ ಕೈತ್‌ಬೇ ಅದರ ಮೇಲೆಯೇ ಕೋಟೆ ಶುರು ಮಾಡಿಸಿದ. ಬಿದ್ದ ಕಲ್ಲುಗಳು ಮಾತ್ರ ಕೋಟೆಯ ಪಕ್ಕ 6–8 ಮೀಟರ್ ನೀರಿನಲ್ಲಿವೆ. ಕೋಟೆಗೆ ಅಲೆ ಬಡಿಯದಿರಲೆಂದು ಕಾಂಕ್ರೀಟ್ ದಿಮ್ಮಿಗಳನ್ನು ಅವುಗಳ ಮೇಲೆಯೇ ಸುರಿಯುತ್ತಿದ್ದರು. ಅದರಿಂದಲೇ 1994ರಲ್ಲಿ ಪುರಾತತ್ವಜ್ಞ ಜ್ಯಾನ್-ಈವ್ ಆಂಪರರ್ ತಂಡ ತುರ್ತಾಗಿ ದಾಖಲೆಗೆ ಇಳಿಯಬೇಕಾಯಿತು. ಎರಡು ಸಾವಿರಕ್ಕೂ ಹೆಚ್ಚು ತುಂಡುಗಳು, ಕೆಲವು 50 ಟನ್ನಿಗೂ ಮೇಲೆ. ಎಚ್ಚರಿಕೆ ಒಂದಿದೆ: ಅಲ್ಲಿರುವುದೆಲ್ಲ ದೀಪಸ್ತಂಭದ ಕಲ್ಲಲ್ಲ. 12ನೇ ಶತಮಾನದಲ್ಲಿ ಕ್ರೈಸ್ತ ಹಡಗುಗಳನ್ನು ತಡೆಯಲು ಸೆರಾಪಿಯಮ್ (ಸೆರಾಪಿಸ್ ದೇವರ ಗುಡಿ) ಗುಡ್ಡದ ಕಂಬಗಳನ್ನು ಒಡೆದು ತಂದು ಸಮುದ್ರಕ್ಕೆ ಹಾಕಿದ್ದರು. ಅವೂ ಬೆರೆತಿವೆ.

---

ಸಿಹಿನೀರಬಾವಿ:

ಸರೋವರದ ಮಟ್ಟ ಮನುಷ್ಯ ಇಟ್ಟ ಮಟ್ಟ. ಸಮುದ್ರಕ್ಕಿಂತ ಸುಮಾರು 2.8ರಿಂದ 3 ಮೀಟರ್ ಕೆಳಗೆ ಅದನ್ನು ಹಿಡಿದಿಟ್ಟಿರುವುದು ಎಲ್-ಮೆಕ್ಸ್‌ನ ಪಂಪುಗಳು. ಹೊಲಗದ್ದೆಯ ಬಸಿಗಾಲುವೆಗಳ ನೀರು, ಊರಿನ ಕೊಳಚೆ ಎಲ್ಲ ತಗ್ಗಿಗೆ ಬಂದು ಸೇರುತ್ತದೆ, ಅಲ್ಲಿಂದ ಎತ್ತಿ ಸಮುದ್ರಕ್ಕೆ ಬಿಡಬೇಕು. ಸುತ್ತಲ ಕೃಷಿನೆಲವೂ ಕೆಳಗೇ ಇರುವುದರಿಂದ ಪಂಪು ನಿಲ್ಲಿಸುವ ಹಾಗಿಲ್ಲ. ಮಟ್ಟ ಸ್ವಲ್ಪ ಏರಿದರೂ ಬಸಿಗಾಲುವೆ ಹಿಮ್ಮುಖವಾಗಿ ಬೇರಿಗೆ ಉಪ್ಪುನೀರು ಏರುತ್ತದೆ. ಸಮುದ್ರಕ್ಕೂ ಈ ತಗ್ಗಿಗೂ ನಡುವೆ ಊರು ಒಣಗಿ ನಿಂತಿರುವುದು ಮೇಲೆ ಹೇಳಿದ ಕಲ್ಲಿನ ಏರಿನ ಮೇಲಿರುವುದರಿಂದ.

ಕೆಡುವುದು ಚಳಿಗಾಲದ ದೊಡ್ಡ ಮಳೆಗೆ. ಚರಂಡಿ ಕಟ್ಟಿರುವುದು ಸಣ್ಣ ಮಳೆಗೆ. ರಸ್ತೆಯ ನೀರು ಹೊರಗೆ ಹೋಗಬೇಕಾದ್ದು ಒಂದೋ ಅಲೆ ಎದ್ದ ಸಮುದ್ರಕ್ಕೆ, ಇಲ್ಲ ಆಗಲೇ ತುಂಬಿದ ಸರೋವರಕ್ಕೆ. 2015ರ ಅಕ್ಟೋಬರ್ 25ರಂದು ಎರಡೂ ಕಟ್ಟಿಕೊಂಡು ಬೀದಿಗಳು ಕಾಲುವೆಗಳಾದವು, ಜನ ಪ್ರಾಣ ಕಳೆದುಕೊಂಡರು. ತುಂಬಿಕೊಳ್ಳಲು ಜಾಗವಿದ್ದ ಸರೋವರವನ್ನು ರಸ್ತೆ, ಬಡಾವಣೆಗಳಿಗಾಗಿ ತುಂಡು ತುಂಡು ಮಾಡಿ ಮುಚ್ಚುತ್ತ ಬಂದದ್ದರ ಫಲ ಇದು. ನಕ್ಷೆಯಲ್ಲಿ 1900ರ ಸುಮಾರಿನ ಸರೋವರದ ಅಂಚನ್ನೂ ಈಗಿನದ್ದನ್ನೂ ಎರಡು ಗೆರೆಯಾಗಿ ತೋರಿಸಿದರೆ ಬೇರೆ ವಿವರಣೆ ಬೇಕಾಗದು.

---

ಮುಜಿರಿಸ್‌ಮೆಣಸು ಉತ್ತರ:

ನಮ್ಮ ಕಡಲಿಗೂ ಒಂದು ಗೆರೆ ಎಳೆಯಿರಿ. 1ನೇ ಶತಮಾನದ ರೋಮನ್ ಲೇಖಕ ಪ್ಲಿನಿ ಭಾರತದ ದಾರಿಯನ್ನು ದಿನಗಳಲ್ಲಿ ಕೊಡುತ್ತಾನೆ. ಅಲೆಕ್ಸಾಂಡ್ರಿಯದ ಹೊರವಲಯದಿಂದ ನೈಲ್ ಮೇಲೆ ಕೋಪ್ಟಸ್‌ಗೆ ದೋಣಿಯಲ್ಲಿ 12 ದಿನ. ಅಲ್ಲಿಂದ ಮರುಭೂಮಿಯಲ್ಲಿ ಒಂಟೆಯ ಮೇಲೆ ಕೆಂಪು ಸಮುದ್ರದ ಬಂದರು ಬೆರೆನೀಕೆಗೆ 12 ದಿನ, ನೀರಿನ ನಿಲ್ದಾಣಗಳ ಲೆಕ್ಕದಲ್ಲಿ, ಹೆಚ್ಚಾಗಿ ರಾತ್ರಿ ನಡೆದು. ನಡುಬೇಸಿಗೆಯಲ್ಲಿ ಹಾಯಿ ಬಿಚ್ಚಿದರೆ ಕೆಂಪು ಸಮುದ್ರದ ಬಾಯಿಯ ಒಕೆಲಿಸ್‌ಗೆ 30 ದಿನ, ಅಲ್ಲಿಂದ ಮುಂಗಾರು ಗಾಳಿಯಲ್ಲಿ ಕೇರಳ ಕರಾವಳಿಯ ಬಂದರು ಮುಜಿರಿಸ್‌ಗೆ 40 ದಿನ. ಡಿಸೆಂಬರ್–ಜನವರಿಯಲ್ಲಿ ವಾಪಸು. ನೈಲ್ ಈ ದಾರಿಗೆ ಹೇಳಿ ಮಾಡಿಸಿದ್ದು: ಹೊಳೆ ಉತ್ತರಕ್ಕೆ ಹರಿಯುತ್ತದೆ, ಗಾಳಿ ದಕ್ಷಿಣಕ್ಕೆ ಬೀಸುತ್ತದೆ. ಹೋಗುವಾಗ ಹಾಯಿ, ಬರುವಾಗ ಹೊಳೆಯ ಹರಿವು.

ಬಂದ ಸರಕನ್ನು ಏನು ಮಾಡುತ್ತಿದ್ದರು ಅನ್ನುವುದಕ್ಕೆ ಈಗ ವಿಯೆನ್ನಾದಲ್ಲಿರುವ 2ನೇ ಶತಮಾನದ ಪಪೈರಸ್ ಇದೆ. ಮುಜಿರಿಸ್ ವ್ಯಾಪಾರಕ್ಕಾಗಿ ಬರೆದ ಸಾಲಪತ್ರ. ಸರಕನ್ನು ಒಂಟೆಯ ಮೇಲೆ ಕೋಪ್ಟಸ್‌ಗೆ ತಂದು, ಹೊಳೆಯಲ್ಲಿ ಅಲೆಕ್ಸಾಂಡ್ರಿಯಕ್ಕೆ ಇಳಿಸಿ, ಸುಂಕದ ಉಗ್ರಾಣದಲ್ಲಿ ಮುದ್ರೆ ಹಾಕಿ ಇಡಬೇಕು, ನಾಲ್ಕನೇ ಒಂದು ಭಾಗ ಸುಂಕ ಅಂತ ಅದರ ವ್ಯವಸ್ಥೆ. ಹಿಂಬದಿಯಲ್ಲಿ ಹೆರ್ಮಪೊಲನ್ ಎಂಬ ಹಡಗಿನ ದಂತ, ಜಟಾಮಾಂಸಿಯ ಬೆಲೆಪಟ್ಟಿ.

ಕರ್ನಾಟಕದ ಕರಾವಳಿಗೆ ಸಂಬಂಧ ಕೇಳುವವರಿಗೆ: ಮುಜಿರಿಸ್ ಹತ್ತಿರ 'ನಿಟ್ರಿಯಾಸ್' ಎಂಬಲ್ಲಿ ಕಡಲ್ಗಳ್ಳರಿದ್ದಾರೆ, ಅಲ್ಲಿ ನಿಲ್ಲಬೇಡಿ ಅನ್ನುತ್ತಾನೆ ಪ್ಲಿನಿ. ಅದನ್ನು ಕೆಲವರು ನೇತ್ರಾವತಿ ಅಳಿವೆಯ ಮಂಗಳೂರು ಅಂತ, ಕೆಲವರು ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪ ಅಂತ ಗುರುತಿಸುತ್ತಾರೆ. ಅಲೆಕ್ಸಾಂಡ್ರಿಯದಲ್ಲೇ ಕೂತು ಬರೆದ ಭೂಗೋಳಕಾರ ಟಾಲೆಮಿಯ ಪಟ್ಟಿಯಲ್ಲಿ ಬನವಾಸಿಯೂ ಇದೆ. ಅವನ ಅಕ್ಷಾಂಶ ರೇಖಾಂಶಗಳನ್ನು ಮಾತ್ರ ನೇರವಾಗಿ ಎತ್ತಬೇಡಿ. ಭೂಮಿಯ ಸುತ್ತಳತೆಯನ್ನು 180,000 ಸ್ಟೇಡಿಯ ಅಂತ ಕಡಿಮೆ ಹಿಡಿದಿದ್ದಾನೆ, ಪ್ರಯಾಣಿಕರು ಹೇಳಿದ ದಿಕ್ಕನ್ನು ನಂಬಿದ್ದಾನೆ. ನಮ್ಮ ಪರ್ಯಾಯದ್ವೀಪ ಅವನಲ್ಲಿ ಚಪ್ಪಟೆಯಾಗಿ ಪೂರ್ವಪಶ್ಚಿಮಕ್ಕೆ ಹಿಗ್ಗಿದೆ.

---

ಅಳಿವೆಬಾಗಿಲು:

ಕೂರಿಸುವ ಕ್ರಮ ಹೇಳಿ ಬಿಡುತ್ತೇನೆ. ಕಲ್ಲುಚಪ್ಪಡಿ ಅವರ ದಿಣ್ಣೆಯ ತಿದ್ದುಪಡಿ ಸರಿ, ಸೇರಿಸಿಕೊಳ್ಳಿ.

ಜಾರದ ಬಿಂದುಗಳನ್ನೇ ಮೊದಲು ಊರಿ. ಒಂದು, ಕೈತ್‌ಬೇ ಕೋಟೆ. ಎರಡು, ಪಾಂಪೆಯ ಕಂಬ. ಇದು ಡಯೊಕ್ಲೀಶಿಯನ್‌ಗಾಗಿ ನಿಲ್ಲಿಸಿದ್ದು, ಬುಡಸಮೇತ ಸುಮಾರು 27 ಮೀಟರ್, ನಿಂತಲ್ಲೇ ಇದೆ, ಸೆರಾಪಿಯಮ್ ಗುಡ್ಡದ ಗುರುತು ಇದೇ. ಮೂರು, ಹುರ್ರಿಯಾ ರಸ್ತೆ, ಹಳೆಯ ಕ್ಯಾನೊಪಸ್ ಬೀದಿ ಬಹುತೇಕ ಇದರಡಿಯಲ್ಲೇ. ನಾಲ್ಕು, ರಮ್ಲೆ ನಿಲ್ದಾಣದ ಚೌಕ. ಈಗ ಲಂಡನ್, ನ್ಯೂಯಾರ್ಕ್‌ಗಳಲ್ಲಿರುವ ಎರಡು ಶಿಲಾಸ್ತಂಭ ಇದ್ದ ಸೀಸರಿಯಮ್ ಗುಡಿ ಇಲ್ಲಿತ್ತು.

ಬೀದಿಗಳಿಗೆ ಮಹಮೂದ್ ಅಲ್-ಫಲಕಿ 1866ರಲ್ಲಿ ಗುಂಡಿ ತೋಡಿಸಿ ಅಳೆದ ನಕ್ಷೆ ಈಗಲೂ ಆಧಾರ. ಕೊಲ್ಲಿಯೊಳಗಿನ ಅರಮನೆ, ದ್ವೀಪಗಳಿಗೆ ಅದನ್ನು ಬಳಸಬೇಡಿ, ಅಲ್ಲಿ ಗೋಡಿಯೋ ತಂಡದ ಅಳತೆ ಹಾಕಿ. ಪೂರ್ವದ ಲೋಕಿಯಾಸ್ ಭೂಶಿರ ಈಗಿನ ಸಿಲ್‌ಸಿಲಾ, ಅದರ ಬಹುಭಾಗ ನೀರಿನಡಿ ಹೋಗಿದೆ. ಹಾಗಾಗಿ ಈಗಿನ ತುದಿಯನ್ನೇ ಹಳೆಯ ತುದಿ ಅಂತ ಹಿಡಿದರೆ ಬಂದರಿನ ಬಾಯಿ ನಿಜಕ್ಕಿಂತ ಅಗಲ ಬರುತ್ತದೆ.

ಎಲ್ಲರೂ ಎಡವುವ ಜಾಗ ಕಾರ್ನಿಶ್, ಅಂದರೆ ಕಡಲಂಚಿನ ರಸ್ತೆ. ಪೂರ್ವ ಕೊಲ್ಲಿಯ ಆ ಚಂದದ ಬಿಲ್ಲು ಹಳೆಯ ದಡವಲ್ಲ, 20ನೇ ಶತಮಾನದ ಆರಂಭದಲ್ಲಿ ಸಮುದ್ರಕ್ಕೆ ಮಣ್ಣು ತುಂಬಿ ಮಾಡಿದ ನೆಲ. ಹಳೆಯ ದಡದ ಗೆರೆಯನ್ನು ಊರಿನ ಒಳಕ್ಕೆ ತನ್ನಿ. ಆಮೇಲೆ ದ್ವೀಪದ ಬೆನ್ನಿನಿಂದ ದಡಕ್ಕೆ 1.2 ಕಿ.ಮೀ. ಅಳೆದು ನೋಡಿ, 7 ಸ್ಟೇಡಿಯ ಕೂರುತ್ತದೆ.